ಗೋಡೆಗೆ ತೂಗಿದ ಎರಡಡಿ ನೆಲ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಎರಡಡಿ ಉದ್ದ, ಎರಡಡಿ ಅಗಲದ ನೆಲವೊಂದನ್ನು ತೂಗುಹಾಕಿದ್ದೇನೆ. ನೆಲದ ಚಿತ್ರವಲ್ಲ, ನೆಲವೇ. ಅಂದರೆ ನೆಲದಂಥದ್ದು. ಅರ್ಧ ಡಾಂಬರು, ಅರ್ಧ ಗರಸು, ಅಂಚಿನಲ್ಲಿ ಒಣಗಿದ ಗರಿಕೆ, ಒಂದು ಶೇಂಗಾ ಸಿಪ್ಪೆ, ಯಾರದೋ ಚಪ್ಪಲಿಯಿಂದ ಉದುರಿದ ಒಂದು ಮೊಳೆ. ಮನೆಗೆ ಬಂದವರು ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಬೀಗರೊಬ್ಬರು ಗೋಡೆಯ ಗಿಲಾವು ಕಿತ್ತುಹೋಗಿದೆ ಎಂದುಕೊಂಡು ತಮ್ಮೂರಿನ ಒಳ್ಳೆಯ ಗೌಂಡಿಯ ಹೆಸರು ಹೇಳಿ ಹೋದರು. ಕೆಲಸಕ್ಕೆ ಹೊಸದಾಗಿ ಬಂದ ಹೆಣ್ಣುಮಗಳು ಪೊರಕೆ ತಂದು ಅದರ ಮೇಲಿನ ಕಸ ಗುಡಿಸಲು ನೋಡಿದಳು. ಗುಡಿಸಿದಷ್ಟೂ ಕಸ ಅಲ್ಲೇ ಇದ್ದದ್ದನ್ನು ಕಂಡು ಆಕೆ ಗಾಬರಿಯಾದದ್ದು ನನಗೆ ಬಂದ ಪ್ರಶಸ್ತಿಗಳಲ್ಲೆಲ್ಲ ದೊಡ್ಡದು. ಬೇರೆ ಪ್ರಶಸ್ತಿ ಬಂದಿಲ್ಲ ಎನ್ನುವುದು ಬೇರೆ ಮಾತು.

ಮನೆಗೆ ಸುಣ್ಣ ಬಳಿಸುವಾಗಲೆಲ್ಲ ನನ್ನ ಹೆಂಡತಿ ಒಂದೇ ಮಾತು ಕೇಳುತ್ತಾಳೆ, ಇದನ್ನು ಇನ್ನಾದರೂ ಅಟ್ಟಕ್ಕೆ ಹಾಕೋಣವೇ ಎಂದು. ಊರಿನವರು ಗೋಡೆಗೆ ದೇವರ ಪಟ ಹಾಕುತ್ತಾರೆ, ಹಿರಿಯರ ಫೋಟೋ ಹಾಕುತ್ತಾರೆ, ನೀವು ರಸ್ತೆ ಹಾಕಿದ್ದೀರಿ ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ಅಂದುಕೊಳ್ಳಬಹುದು, ಅಂದುಕೊಳ್ಳಿ. ಆದರೆ ಆ ಡಾಂಬರಿನ ತೇಪೆಯ ಪಕ್ಕದಲ್ಲಿ ಅಂಗೈ ಅಗಲದ ಒಂದು ನೀರಿನ ಗುರುತಿದೆ. ಅದರಲ್ಲಿರುವ ಉಳಿದದ್ದನ್ನೆಲ್ಲ ಮಾಡಿದವನು ನಾನು. ಆ ಗುರುತು ಮಾತ್ರ ನನ್ನದಲ್ಲ, ನನಗೆ ಹೆಮ್ಮೆ ಇರುವುದು ಅದರ ಬಗ್ಗೆಯೇ.

ನನ್ನ ಅಪ್ಪ ದುರುಗಪ್ಪ ಸರ್ಕಾರಿ ರಸ್ತೆ ಗ್ಯಾಂಗಿನ ಮೇಸ್ತ್ರಿ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ ಹೋಗುವ ರಸ್ತೆಯ ಹತ್ತು ಮೈಲಿ ಅವನ ಪಾಲಿಗೆ ಬಂದಿತ್ತು. ಪಾಲಿಗೆ ಎಂದೆ, ಹೊಲ ಪಾಲಿಗೆ ಬಂದವರಿಗಿಂತ ಹೆಚ್ಚಾಗಿ ಅವನು ಆ ರಸ್ತೆಯನ್ನು ತನ್ನದು ಎಂದುಕೊಂಡಿದ್ದ. ನಡೆಯುವಾಗ ಅವನು ತಲೆ ಎತ್ತುತ್ತಲೇ ಇರಲಿಲ್ಲ. ಹರಪನಹಳ್ಳಿಗೆ ಮದುವೆಗೆ ಹೋಗಿ ಬಂದರೆ ಅವ್ವ ಸೀರೆಯ ಬಣ್ಣ, ಊಟದ ಪಾಯಸ, ಬೀಗಿತ್ತಿಯ ಸಿಡುಕು ಎಲ್ಲವನ್ನೂ ವಾರಗಟ್ಟಲೆ ಹೇಳುತ್ತಿದ್ದಳು. ಅಪ್ಪನನ್ನು ಕೇಳಿದರೆ ಊರು ದಾಟಿದ ಮೇಲೆ ಜಲ್ಲಿ ಎದ್ದಿದೆ ಎನ್ನುತ್ತಿದ್ದ. ಮದುಮಗಳು ಕಪ್ಪೋ ಕೆಂಪೋ ಅವನಿಗೆ ಗೊತ್ತಿರುತ್ತಿರಲಿಲ್ಲ. ಬಂಡಿ ಹೋದ ಗಾಲಿಯ ಗುರುತು ನೋಡಿ ಅದು ಹೇರಿಕೊಂಡು ಹೋಯಿತೋ ಖಾಲಿ ಹೋಯಿತೋ ಹೇಳುವವನಿಗೆ ಮದುಮಗಳ ಮುಖದಿಂದ ಏನಾಗಬೇಕು?

ಬೇಸಿಗೆ ರಜೆಯಲ್ಲಿ ನಾನು ಅವನಿಗೆ ರೊಟ್ಟಿಯ ಗಂಟು ಒಯ್ಯುತ್ತಿದ್ದೆ. ಡಾಂಬರಿನ ಡ್ರಮ್ಮಿನ ಕೆಳಗೆ ಬೆಂಕಿ ಉರಿಯುತ್ತಿರುತ್ತಿತ್ತು. ಆ ವಾಸನೆ ಈಗಲೂ ಎಲ್ಲಿಯಾದರೂ ಬಂದರೆ ನನಗೆ ಹಸಿವಾಗುತ್ತದೆ, ಏನು ಮಾಡುವುದು. ಉದುರಿದ ಡಾಂಬರನ್ನು ಉಂಡೆ ಕಟ್ಟಿ ನಾನು ಎಮ್ಮೆ, ಎತ್ತು, ಆನೆ ಮಾಡುತ್ತಿದ್ದೆ. ನನ್ನ ಎಲ್ಲ ಪ್ರಾಣಿಗಳೂ ಮಧ್ಯಾಹ್ನದ ಹೊತ್ತಿಗೆ ಕರಗಿ ಎಮ್ಮೆಯೇ ಆಗುತ್ತಿದ್ದವು. ಗುಂಡಿಗೆ ತೇಪೆ ಹಾಕಿ, ಬಡಿದು, ಆರಿದ ಮೇಲೆ ಅಪ್ಪ ಸೈಕಲ್ಲಿಗೆ ಕಟ್ಟಿದ್ದ ಹಿತ್ತಾಳೆಯ ತಂಬಿಗೆ ಬಿಚ್ಚಿಕೊಂಡು ಬರುತ್ತಿದ್ದ. ತೇಪೆಯ ಮೇಲೆ ನಿಧಾನವಾಗಿ ನೀರು ಸುರಿದು, ತುದಿಗಾಲಲ್ಲಿ ಕೂತು ನೋಡುತ್ತಿದ್ದ. ನೀರು ನಿಲ್ಲದೆ ಅಂಚಿಗೆ ಹರಿದುಹೋದರೆ, "ಸರಿ ಐತಿ" ಎನ್ನುತ್ತಿದ್ದ. ನಿಂತರೆ ಏನೂ ಅನ್ನದೆ ಪಿಕಾಸಿ ತೆಗೆದುಕೊಳ್ಳುತ್ತಿದ್ದ. ಅವನ ಬಾಯಲ್ಲಿ ಹೊಗಳಿಕೆ ಎಂದರೆ ಆ ಎರಡು ಶಬ್ದ ಮಾತ್ರ. ಮನುಷ್ಯರಿಗೆ ಅದನ್ನು ಅವನು ಹೇಳಿದ್ದು ನಾನು ಕೇಳಿರಲಿಲ್ಲ.

ಡಾಂಬರಿನ ಎಮ್ಮೆಯಿಂದ ಶುರುವಾದ ನನ್ನ ಚಾಳಿ ದಾವಣಗೆರೆಯಲ್ಲಿ ಚಿತ್ರಕಲೆ ಕಲಿಯುವವರೆಗೆ ಹೋಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ನಮ್ಮ ಓಣಿಯಲ್ಲಿ ಸಂಬಳದ ನೌಕರಿ ಹಿಡಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಪ್ಪ ಖುಷಿಯಾಗಿಯೇ ಇದ್ದ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಮಗ ಏನು ಮಾಡುತ್ತಾನೆ ಎಂದು ಕೇಳಿದರೆ, "ಸಾಲ್ಯಾಗ ಅದಾನ" ಎಂದು ಹೇಳಿ ಮಾತು ಬದಲಿಸುತ್ತಿದ್ದ. ಲೆಕ್ಕದ ಮೇಷ್ಟ್ರೋ, ಕನ್ನಡದ ಮೇಷ್ಟ್ರೋ, ಕೇಳಿದವರು ತಮಗೆ ಬೇಕಾದ್ದನ್ನು ತುಂಬಿಕೊಳ್ಳುತ್ತಿದ್ದರು. ಡ್ರಾಯಿಂಗ್ ಎನ್ನುವ ಶಬ್ದ ಮಾತ್ರ ಅವನ ಬಾಯಿಂದ ಬರುತ್ತಿರಲಿಲ್ಲ. ಇಡೀ ದಿನ ಬಿಸಿಲಲ್ಲಿ ಜಲ್ಲಿ ಬಡಿಯುವವನಿಗೆ ಕೂತು ಬಣ್ಣ ಬಳಿಯುವುದು ಕೆಲಸ ಎಂದು ಹೇಗೆ ಅನ್ನಿಸಬೇಕು? ನನಗೆ ಅದು ಅರ್ಥವಾಗುತ್ತಿತ್ತು. ಅರ್ಥವಾದರೂ ಕೂಡ ನೋಯುತ್ತಿತ್ತು. ಅಪ್ಪ ಒಮ್ಮೆ ನನ್ನ ಕೆಲಸವನ್ನು ಕೂತು ನೋಡಬೇಕು, ನೋಡಿ ಆ ಎರಡು ಶಬ್ದ ಹೇಳಬೇಕು ಎನ್ನುವುದೊಂದೇ ಆಗ ನನ್ನ ಆಸೆ.

ಆಸೆ ಇದ್ದರೇನು, ತೋರಿಸಲು ಏನಾದರೂ ಇರಬೇಕಲ್ಲ. ನನ್ನ ವಿದ್ಯಾರ್ಥಿಗಳು ಯಾವ ವಿಷಯ ಕೊಟ್ಟರೂ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ನದಿ, ಪಕ್ಕಕ್ಕೆ ತೆಂಗಿನ ಮರ ಬರೆಯುತ್ತಿದ್ದರು. ಕೊಟ್ಟೂರಿನಲ್ಲಿ ನದಿ ಎಲ್ಲಿಂದ ಬರಬೇಕು? ಬೈಯೋಣ ಎಂದರೆ ನಾನೂ ಅದನ್ನೇ ಬರೆದು ದೊಡ್ಡವನಾದವನು. ಅಂಥ ಹೊತ್ತಿನಲ್ಲಿ ದಾವಣಗೆರೆಯ ಗುರುಗಳು ಒಮ್ಮೆ ಹೇಳಿದ್ದ ಮಾತೊಂದು ನೆನಪಾಯಿತು. ಯಾವುದೋ ದೂರದ ದೇಶದಲ್ಲಿ ಕಲಾವಿದರು ಕಣ್ಣು ಕಟ್ಟಿಕೊಂಡು ನಕ್ಷೆಗೆ ಚೂಪು ಮೊನೆಯ ಪುಟ್ಟ ಬಾಣ ಎಸೆಯುತ್ತಾರಂತೆ, ಅದು ಎಲ್ಲಿ ನಾಟುತ್ತದೋ ಅಲ್ಲಿಗೆ ಹೋಗಿ ಅಲ್ಲಿಯ ನೆಲವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡುತ್ತಾರಂತೆ. ಆಗ ನಾವೆಲ್ಲ ನಕ್ಕಿದ್ದೆವು. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ; ನಾನು ಚಿತ್ರ ಬಾರದವನು ಆ ಡೊಂಕು ನೆಲವನ್ನೇ ಮಾಡೋಣ ಎಂದು ಹೊರಟೆ.

ಜೊತೆಗೆ ಸಿಕ್ಕವನು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಕೊಟ್ರೇಶಿ. ಅವನ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು, ಬೇಕಾದಷ್ಟು ಬಿಡುವೂ ಇತ್ತು. ಶಾಲೆಯಲ್ಲಿದ್ದ ಜಿಲ್ಲೆಯ ನಕ್ಷೆಯನ್ನು ನೆಲಕ್ಕೆ ಹಾಸಿ, ಬೆನ್ನು ತಿರುಗಿಸಿ ನಿಂತು, ಹೆಗಲ ಮೇಲಿಂದ ನಾಲ್ಕು ಹುಣಸೆ ಬೀಜ ಎಸೆದೆವು. ಬೀಜ ಬಿದ್ದ ಊರಿಗೆ ಹೋಗುವುದು, ಅಲ್ಲಿ ಕೊಟ್ರೇಶಿ ಕಣ್ಣು ಮುಚ್ಚಿ ತನ್ನ ಟೆನ್ನಿಕಾಯ್ಟ್ ರಿಂಗನ್ನು ಹಿಂದಕ್ಕೆ ಎಸೆಯುವುದು, ರಿಂಗು ಬಿದ್ದಲ್ಲಿ ಎರಡಡಿ ಚೌಕ ಇಡುವುದು. ಎಲ್ಲಿ ಬಿದ್ದರೂ ಬದಲಿಸಬಾರದು ಎನ್ನುವುದು ನಾವು ಮಾಡಿಕೊಂಡ ಕಾನೂನು. ಇದ್ದದ್ದರಲ್ಲಿ ಅದೊಂದನ್ನು ನಾನು ಮುರಿಯಲಿಲ್ಲ.

ಮೊದಲ ಬೀಜ ಹಗರಿಬೊಮ್ಮನಹಳ್ಳಿಯ ಆಚೆ ಹಿನ್ನೀರಿನಲ್ಲಿ ಬಿತ್ತು. ಎರಡನೆಯದು ಹಿರೇಹಡಗಲಿಯ ಎರೆಹೊಲದಲ್ಲಿ. ನಾವು ಮೊಣಕಾಲೂರಿ ಹತ್ತಿಕಟ್ಟಿಗೆಯ ಬೊಡ್ಡೆ ಅಳೆಯುತ್ತಿದ್ದಾಗ ಹೊಲದ ಯಜಮಾನ ಬಂದು, ಕಾಲುವೆ ಬರುತ್ತದೆಯೇ ಎಂದು ಕೇಳಿದ. ಇಲ್ಲ, ನಿಮ್ಮ ನೆಲದಂಥದ್ದೇ ಇನ್ನೊಂದು ನೆಲ ಮಾಡುತ್ತೇವೆ ಎಂದೆ. ಅವನು ಬಹಳ ಹೊತ್ತು ಯೋಚಿಸಿ, ಮಾಡುವುದಾದರೆ ಇದಕ್ಕಿಂತ ಒಳ್ಳೆಯದನ್ನು ಮಾಡಿ ಎಂದು ಹೇಳಿ ಹೋದ.

ಮೂರನೆಯದು ಬಾಗಳಿ. ಕಲ್ಲೇಶ್ವರ ಗುಡಿ ಅಲ್ಲಿಯೇ ಇದೆ. ಕಂಬ ಕಂಬದಲ್ಲೂ ಕೆತ್ತನೆ. ಕೊಟ್ರೇಶಿ ಎಸೆದ ರಿಂಗು ಗುಡಿಯ ಹಿಂದಿನ ಬೇವಿನ ಮರದ ಬುಡದಲ್ಲಿ, ಆಡಿನ ಹಿಕ್ಕೆಗಳ ನಡುವೆ ಹೋಗಿ ಕೂತಿತು. ಅವನಿಗೆ ಅಳು ಬರುವುದೊಂದು ಬಾಕಿ. ನಾಲ್ಕು ಹೆಜ್ಜೆ ಆಚೆ ಸರಿಸೋಣ, ಏನಿಲ್ಲವೆಂದರೂ ಒಂದು ಕಲ್ಲಿನ ಬಳ್ಳಿಯಾದರೂ ಸಿಗುತ್ತದೆ ಎಂದು ಗೋಗರೆದ. ನಾನು ಕಾನೂನು ಎಂದೆ. ಬೆಟ್ಟ ಅಗೆದು ಇಲಿ ಹಿಡಿದಂತೆ, ಅಷ್ಟು ಚೆಂದದ ಶಿಲ್ಪಕ್ಕೆ ಬೆನ್ನು ಹಾಕಿ ಕೂತು ಮಧ್ಯಾಹ್ನವೆಲ್ಲ ಹಿಕ್ಕೆ ಎಣಿಸಿದೆ. ನಲವತ್ತೊಂದು ಇದ್ದವು. ಆ ಗುಡಿ ಕಟ್ಟಿದವರ ಶ್ರದ್ಧೆಗೆ ಕಡಿಮೆಯಿಲ್ಲದ ಶ್ರದ್ಧೆಯಿಂದ ಎಣಿಸಿದೆ ಎಂದು ಈಗಲೂ ಜಂಬದಿಂದ ಹೇಳಬಲ್ಲೆ.

ನಾಲ್ಕನೆಯ ಬೀಜ ಬಿದ್ದದ್ದು ಕೂಡ್ಲಿಗಿ ಕೊಟ್ಟೂರಿನ ರಸ್ತೆಯ ಮೇಲೆ. ನಾನು ರಸ್ತೆಯ ಮೇಲೆ ಅಂಬೆಗಾಲಿಡುವುದನ್ನು ಅಪ್ಪ ನೋಡಿಬಿಟ್ಟರೆ? ಗ್ಯಾಂಗಿಗೆ ರಜೆ ಇರುವ ಭಾನುವಾರವೇ ಬೇಕೆಂದು ಆರಿಸಿಕೊಂಡು ಹೋದೆವು. ರಿಂಗು ಉರುಳಿ ಅರ್ಧ ಡಾಂಬರಿನ ಮೇಲೆ, ಅರ್ಧ ಗರಸಿನ ಮೇಲೆ ನಿಂತಿತು. ನೆಲಕ್ಕೆ ಬೂದಿ ಉದುರಿಸಿ, ಹದವಾದ ಜೇಡಿಮಣ್ಣನ್ನು ಒತ್ತಿ ಅಚ್ಚು ತೆಗೆದೆ. ಹಾದುಹೋಗುವ ಬಸ್ಸುಗಳಿಗೆ ಕೊಟ್ರೇಶಿ ಸೀಟಿ ಊದಿ ದಾರಿ ತೋರಿಸಿದ. ಡ್ರೈವರುಗಳು ಯಾರೋ ಬಿದ್ದಿದ್ದಾರೆ ಎಂದು ಬಸ್ಸು ನಿಲ್ಲಿಸಿ, ನಮ್ಮನ್ನು ನೋಡಿ ಬೈದು ಹೋದರು.

ಅಚ್ಚಿಗೆ ತುಂಬಲು ಏನು ಎನ್ನುವುದಕ್ಕೆ ಉತ್ತರ ಮನೆಯಲ್ಲೇ ಇತ್ತು. ನಮ್ಮ ಕಡೆ ಹೆಂಗಸರು ಹಳೆಯ ಕಾಗದ ನೆನೆಹಾಕಿ, ಮೆಂತೆ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಾರೆ. ಹಿಟ್ಟು, ಕಾಳು ಇಡಲು ಅದಕ್ಕಿಂತ ಒಳ್ಳೆಯದಿಲ್ಲ. ಅವ್ವನ ಬುಟ್ಟಿಗಳಿಗೆ ನಮ್ಮ ಓಣಿಯಲ್ಲಿ ದೊಡ್ಡ ಹೆಸರಿತ್ತು. ನಾನು ಮೂರು ತಿಂಗಳು ಶಾಲೆಯ ರದ್ದಿಯನ್ನೆಲ್ಲ ಹೊತ್ತು ತಂದು ಅವಳ ಮುಂದೆ ಸುರಿದೆ. ಅವಳು ಕುಟ್ಟಿದಳು, ಕುಟ್ಟುತ್ತಾ ಬೈದಳು.

"ಹೊರಗ ಮಣ್ಣು ಪುಕ್ಕಟೆ ಬಿದ್ದೈತಿ. ಅದರಂಥಾದ್ದು ಮಾಡಾಕ ನನ್ನ ಮೆಂತೆ ಹಾಳು ಮಾಡಾಕತ್ತೀಯಲ್ಲ" ಎಂದಳು.

ಬೈದರೂ ತಿರುಳನ್ನು ಬೆಣ್ಣೆಯ ಹಾಗೆ ನುಣ್ಣಗೆ ಕುಟ್ಟಿ ಕೊಟ್ಟಳು. ಬಣ್ಣಕ್ಕೆ ಮಾತ್ರ ಆಯಾ ಜಾಗದ ಮಣ್ಣನ್ನೇ ಜಾಲಿ ಅಂಟಿನಲ್ಲಿ ಕಲಸಿದೆ. ಉಳಿದದ್ದೆಲ್ಲ ಕೈಯಿಂದಲೇ ಆಗಬೇಕು. ಶೇಂಗಾ ಸಿಪ್ಪೆ ಬೇಕಾದರೆ ಶೇಂಗಾ ತಿಂದು ಸಿಪ್ಪೆ ಅಂಟಿಸುವ ಹಾಗಿಲ್ಲ, ಕಾಗದದಲ್ಲಿ ಮಾಡಬೇಕು. ಮೊಳೆಯೂ ಕಾಗದದ್ದೇ. ನಲವತ್ತೊಂದು ಹಿಕ್ಕೆಯನ್ನು ಉಂಡೆ ಮಾಡಿ ಮೊರದಲ್ಲಿ ಒಣಗಲು ಇಟ್ಟಾಗ ಪಕ್ಕದ ಮನೆಯ ಅತ್ತೆ ಮೆಣಸಿನ ಉಂಡೆಯೇ ಎಂದು ಕೇಳಿದಳು. ಅಪ್ಪ ಸಂಜೆ ಬಂದು ಅಂಗಳದಲ್ಲಿ ಕಾಲು ತೊಳೆಯುವಾಗ ಇದನ್ನೆಲ್ಲ ಓರೆಗಣ್ಣಲ್ಲಿ ನೋಡುತ್ತಿದ್ದ, ಏನೂ ಕೇಳುತ್ತಿರಲಿಲ್ಲ. ರಸ್ತೆಯ ಚೌಕವನ್ನು ಮಾತ್ರ ನಾನು ಮನೆಗೇ ತರಲಿಲ್ಲ. ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಬಚ್ಚಿಟ್ಟು ಮಾಡಿದೆ.

ಆ ವರ್ಷದ ಶಾಲಾ ಪ್ರದರ್ಶನದಲ್ಲಿ ನನ್ನ ಚೌಕಗಳನ್ನು ಗೋಡೆಗೆ ಹಾಕಲು ಹೆಡ್‌ಮಾಸ್ಟರು ಬಿಡಲಿಲ್ಲ. ಇಲಾಖೆಯ ಸಾಹೇಬರು ಬರುತ್ತಾರೆ, ಗೋಡೆಗೆ ಚಿತ್ರ ಇರಲಿ ಎಂದರು. ಕೊನೆಗೆ ಮೂಲೆಯ ನಾಲ್ಕು ಬೆಂಚು ಕೊಟ್ಟರು. ಮೊದಲ ಬೆಂಚಿನ ಮೇಲೆ ಖಾಲಿ ಚೌಕಟ್ಟು ಇಟ್ಟು, "ಹಗರಿಬೊಮ್ಮನಹಳ್ಳಿ: ಸದ್ಯಕ್ಕೆ ನೀರಿನಲ್ಲಿದೆ" ಎಂದು ಚೀಟಿ ಬರೆದೆ. ಕಾನೂನು ಎಂದರೆ ಕಾನೂನು. ಮುಂದಿನ ಎರಡಕ್ಕೂ ಊರಿನ ಹೆಸರು ಬರೆದೆ. ನಾಲ್ಕನೆಯದಕ್ಕೆ ಚೀಟಿ ಬರೆಯಲು ಕೈ ಬರಲಿಲ್ಲ, ಹಾಗೇ ಬಿಟ್ಟೆ.

ಜನ ಬಂದರು. ಗೋಡೆಯ ಗುಡ್ಡ, ಸೂರ್ಯ, ತೆಂಗಿನ ಮರಗಳನ್ನು ಮೆಚ್ಚಿದರು. ನನ್ನ ಬೆಂಚಿನ ಹತ್ತಿರ ಬಂದವರು, ಇನ್ನೂ ಇಲ್ಲಿ ಏನೋ ಇಡುವುದು ಬಾಕಿ ಇದೆ ಎಂದುಕೊಂಡು ಮುಂದೆ ಹೋದರು. ಹಿರೇಹಡಗಲಿಯ ಎರೆಮಣ್ಣನ್ನು ಜವಾನ ಎರಡು ಸಲ ಎತ್ತಿ ಹೊರಗೆ ಚೆಲ್ಲಲು ಹೊರಟಿದ್ದ. ಸಾಹೇಬರು ಬಂದು ಆಡಿನ ಹಿಕ್ಕೆಯ ಮುಂದೆ ನಿಂತು, ಮೂಗಿಗೆ ಕರವಸ್ತ್ರ ಹಿಡಿದರು. ವಾಸನೆ ಇಲ್ಲ ಸಾರ್, ಕಾಗದದ್ದು ಎಂದೆ. ಆದರೂ ಅವರು ಕರವಸ್ತ್ರ ತೆಗೆಯಲಿಲ್ಲ. ಹೆಡ್‌ಮಾಸ್ಟರು ನನ್ನನ್ನು ನೋಡಿದ ನೋಟದಲ್ಲಿ ಒಂದು ವರ್ಗಾವಣೆಯ ಆದೇಶ ಇತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಅವ್ವ ಕಂಡಳು, ಅವಳ ಹಿಂದೆ ಅಪ್ಪ. ತನ್ನ ಮೆಂತೆ ಏನಾಯಿತು ಎಂದು ನೋಡಲೇಬೇಕೆಂದು ಅವ್ವ ಹಟ ಹಿಡಿದು ಅವನನ್ನು ಕೆಲಸದಿಂದಲೇ ಎಬ್ಬಿಸಿಕೊಂಡು ಬಂದಿದ್ದಳು. ಅಪ್ಪನ ಅಂಗಿಗೆ ಡಾಂಬರು, ಕೈಯಲ್ಲಿ ತಂಬಿಗೆ. ಸೈಕಲ್ಲನ್ನು ಹೊರಗೆ ಬಿಟ್ಟರೂ ತಂಬಿಗೆಯನ್ನು ಅವನು ಬಿಡುತ್ತಿರಲಿಲ್ಲ. ಗೋಡೆಯ ಚಿತ್ರಗಳ ಕಡೆ ಅವನು ತಲೆ ಎತ್ತಲಿಲ್ಲ. ನನ್ನ ಬೆಂಚುಗಳ ಕಡೆ ಬಂದ. ಖಾಲಿ ಚೌಕಟ್ಟು ದಾಟಿದ, ಎರೆಮಣ್ಣು ದಾಟಿದ, ಹಿಕ್ಕೆಗಳನ್ನು ದಾಟಿದ. ನಾಲ್ಕನೆಯದರ ಮುಂದೆ ನಿಂತ. ಬೆಂಚಿನಿಂದ ಅದನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟು, ತುದಿಗಾಲಲ್ಲಿ ಕೂತ. ಅದರ ಮೇಲೆ ಹೆಬ್ಬೆರಳು ಆಡಿಸಿದ.

"ಆರನೇ ಮೈಲಿ" ಎಂದ. "ಹುಣಸಿಗಿಡದ ತಿರುವು. ಈ ತೇಪಿ ನಾ ಹಾಕಿದ್ದು."

ಚೀಟಿ ಇರಲಿಲ್ಲ. ಯಾರೂ ಹೇಳಿರಲಿಲ್ಲ. ಹತ್ತು ಮೈಲಿಯಲ್ಲಿ ಎರಡೇ ಅಡಿ, ಅದನ್ನು ಅವನು ಗುರುತು ಹಿಡಿದ. ಹೌದಪ್ಪ ಎನ್ನಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ಅವನು ತಂಬಿಗೆ ಬಗ್ಗಿಸಿ ನೀರು ಸುರಿದುಬಿಟ್ಟ.

ಕಾಗದ, ಅಂಟು, ಮಣ್ಣು, ಮೂರು ತಿಂಗಳು! ಅಯ್ಯೋ ಎಂದದ್ದು ಹೆಡ್‌ಮಾಸ್ಟರೋ ನಾನೋ ನೆನಪಿಲ್ಲ. ಕೊಟ್ರೇಶಿ ಒರೆಸಲು ಅಲ್ಲೇ ಇದ್ದ ಬ್ಯಾನರನ್ನೇ ಎಳೆದುಕೊಂಡು ಓಡಿ ಬಂದ. ಅಪ್ಪ ಕೈ ಅಡ್ಡ ಹಿಡಿದು ಅವನನ್ನು ತಡೆದ. ನೀರು ಗರಸಿನ ಕಡೆಗೆ ಸ್ವಲ್ಪ ಹರಿಯಿತು, ತೇಪೆಯ ಅಂಚಿಗೆ ಬಂದು ತಿರುಗಿತು, ಅಂಗೈ ಅಗಲದ ಒಂದು ತಗ್ಗಿನಲ್ಲಿ ನಿಂತಿತು. ಆ ತಗ್ಗು ಅಲ್ಲಿದೆ ಎನ್ನುವುದು ನನಗೇ ಗೊತ್ತಿರಲಿಲ್ಲ. ನನ್ನ ಕಣ್ಣಿಗೆ ಬೀಳದ್ದು ಜೇಡಿಮಣ್ಣಿನ ಅಚ್ಚಿಗೆ ಬಿದ್ದಿತ್ತು. ಅಪ್ಪ ಆ ನೀರನ್ನೇ ನೋಡುತ್ತಾ ಕೂತ. ರಸ್ತೆಯ ಮೇಲೆ ನೀರು ನಿಂತಾಗ ಅವನು ಹೇಗೆ ಸುಮ್ಮನಾಗುತ್ತಿದ್ದನೋ ಹಾಗೇ ಸುಮ್ಮನಾದ. ಈಗ ಎದ್ದು ಹೋಗುತ್ತಾನೆ ಎಂದುಕೊಂಡೆ.

ಅವನು ಎದ್ದ, ಆದರೆ ಹೋಗಲಿಲ್ಲ. ಸಾಹೇಬರು, ಹೆಡ್‌ಮಾಸ್ಟರು, ಅವ್ವ, ಎಲ್ಲರೂ ಕೇಳುವ ಹಾಗೆ ಹೇಳಿದ.

"ಮಳಿ ಬಂದಾಗ ನೀರು ಅಲ್ಲೇ ನಿಂದರತೈತ್ರಿ. ಆ ತೇಪಿ ನಾ ಸರಿ ಹಾಕಿಲ್ಲ. ರಸ್ತಿ ನಂದು ತಪ್ಪೈತಿ." ನನ್ನ ಕಡೆ ತಿರುಗಿದ. "ಇವಂದು ಸರಿ ಐತಿ."

ನಾನು ಆಗ ಅತ್ತೆ. ಮದುವೆಯ ವಯಸ್ಸಿನ ಗಂಡಸು, ವಿದ್ಯಾರ್ಥಿಗಳ ಎದುರಿಗೆ ಅತ್ತೆ. ನಾಚಿಕೆಯೇನೂ ಇಲ್ಲ. ತನ್ನ ಕೆಲಸದ ತಪ್ಪನ್ನು ಅಷ್ಟು ಜನರ ಮುಂದೆ ತಾನೇ ಎತ್ತಿ ಹೇಳಿ, ಅದರ ಮೇಲೆ ಮಗನ ಕೆಲಸವನ್ನು ಎತ್ತಿ ನಿಲ್ಲಿಸಿದ ಅಪ್ಪ ಎಷ್ಟು ಜನಕ್ಕೆ ಸಿಗುತ್ತಾನೆ? ಸಾಹೇಬರು ಕರವಸ್ತ್ರ ಜೇಬಿಗಿಟ್ಟು, ಬಗ್ಗಿ ನೀರನ್ನು ನೋಡಿದರು. ಅವರ ಹಿಂದೆ ಎಲ್ಲರೂ ಬಗ್ಗಿದರು. ಚೌಕ ಕರಗುತ್ತದೆ ಎಂದು ಕೊಟ್ರೇಶಿ ಪೇಚಾಡಿದ. ಮೆಂತೆ ಹಾಕಿ ಕುಟ್ಟಿದ್ದೇನೆ, ಒಂದು ತಂಬಿಗೆ ನೀರಿಗೆ ಏನೂ ಆಗುವುದಿಲ್ಲ ಎಂದು ಅವ್ವ ಸೆರಗು ಸರಿಮಾಡಿಕೊಂಡಳು. ಅವಳ ಮಾತೇ ನಿಜವಾಯಿತು. ನೆರಳಿನಲ್ಲಿ ಆರಿದ ಮೇಲೆ ಉಳಿದದ್ದು ಆ ಗುರುತು ಮಾತ್ರ.

ಮಾರನೆಯ ದಿನ ಬೆಳಿಗ್ಗೆ ನಾನು ಎಂದಿನಂತೆ ಮನೆಯಿಂದ ಬಸ್ಸಿನಲ್ಲಿ ಕೊಟ್ಟೂರಿನ ಶಾಲೆಗೆ ಹೋಗುತ್ತಿದ್ದೆ. ಹುಣಸೆಮರದ ತಿರುವಿನಲ್ಲಿ ಬಸ್ಸು ನಿಂತಿತು. ಅಪ್ಪನ ಗ್ಯಾಂಗು ರಸ್ತೆಗೆ ಅಡ್ಡವಾಗಿ ಕೆಂಪು ಬಾವುಟ ನೆಟ್ಟಿತ್ತು. ಹಳೆಯ ತೇಪೆಯನ್ನು ಅಗೆದು ತೆಗೆದು, ಹೊಸದು ಹಾಕಿ, ಬಡಿದು ಆಗಿತ್ತು. ನಾನು ಇಳಿದು ಹತ್ತಿರ ಹೋದೆ. ಗ್ಯಾಂಗಿಗೆ ಹೊಸದಾಗಿ ಸೇರಿದವನೊಬ್ಬ ನಾನು ಯಾರೆಂದು ಕೇಳಿದ.

"ನನ ಮಗ" ಎಂದ ಅಪ್ಪ. "ಡ್ರಾಯಿಂಗ್ ಮೇಷ್ಟ್ರು ಅದಾನ."

ಆಮೇಲೆ ತಂಬಿಗೆ ಬಗ್ಗಿಸಿ ನೀರು ಸುರಿದು, ತುದಿಗಾಲಲ್ಲಿ ಕೂತ. ನಾನೂ ಅವನ ಪಕ್ಕದಲ್ಲಿ ಕೂತೆ. ನೀರು ಎಲ್ಲಿಯೂ ನಿಲ್ಲದೆ ತೇಪೆಯ ಮೇಲಿಂದ ಗರಸಿಗೆ ಹರಿದುಹೋಯಿತು. ಅಪ್ಪ ನನ್ನ ಕಡೆ ನೋಡಿ ನಕ್ಕ.

"ಈಗ ನಿಂದು ತಪ್ಪಾತು ನೋಡು" ಎಂದ.

ಆ ತಪ್ಪನ್ನು ನಾನು ಇವತ್ತಿನವರೆಗೂ ತಿದ್ದಿಲ್ಲ.